ಆರು ಎರಡಾದದ್ದು

ನಾದಿನಿಯನ್ನು ತನ್ನ ಕೋಣೆಗೇ ಕೆಲಸಕ್ಕೆ ಸೇರಿಸಿದ್ದು ಅತ್ತಿಗೆಯೇ. "ಕೈ ಚುರುಕು ಸಾರ್, ನಮ್ಮನೆ ಹುಡುಗಿ ಅಂತ ಹೇಳ್ತಿಲ್ಲ" ಎಂದು ಮೇಲ್ವಿಚಾರಕರ ಹಿಂದೆ ಬಿದ್ದು ಒಪ್ಪಿಸಿದ್ದಳು. ಈಗ ಅದೇ ನಾಲಿಗೆಯನ್ನು ಕಚ್ಚಿಕೊಳ್ಳುವ ಹೊತ್ತು ಬಂದಿತ್ತು.

ಅವರದು ಲೇಸರಿನಿಂದ ಸ್ಟೆಂಟ್ ಕತ್ತರಿಸುವ ಕೋಣೆ. ಸ್ಟೆಂಟ್ ಎಂದರೆ ಹೃದಯದ ರಕ್ತನಾಳದೊಳಗೆ ಕೂರುವ ಪುಟ್ಟ ಲೋಹದ ಜಾಲರಿ. ಕಿರಣ ನೇರವಾಗಿ ಲೋಹದ ಮೇಲೆ ಬೀಳುವುದಿಲ್ಲ. ಮೊದಲು ಬೀಮ್ ಎಕ್ಸ್‌ಪ್ಯಾಂಡರ್ ಎಂಬ ಮೋಟಾರಿನ ಕೊಳವೆಯನ್ನು ಹಾದು ಬರುತ್ತದೆ. ಕಂಪ್ಯೂಟರಿನಲ್ಲಿ ಆರು ಎಂದು ಕೊಟ್ಟರೆ ಕೊಳವೆಯೊಳಗಿನ ಮಸೂರಗಳು ಕುಂಯ್ ಎಂದು ಸರಿದು ಕಿರಣವನ್ನು ಆರು ಪಟ್ಟು ಅಗಲ ಮಾಡುತ್ತವೆ. ಕಿರಣ ಅಗಲವಾಗಿ ಬಂದಷ್ಟೂ ಕೊನೆಯ ಮಸೂರ ಅದನ್ನು ಸೂಜಿಮೊನೆಯಷ್ಟು ಚೂಪು ಮಾಡುತ್ತದೆ. ಕತ್ತರಿಸಲು ಆರೇ ಬೇಕು. ಎರಡಾಯಿತೋ, ಮೊನೆ ಮೊಂಡಾಗಿ ಜಾಲರಿಯ ಅಂಚೆಲ್ಲ ಕರಕಲು.

ಕೆಲವು ದಿನಗಳಿಂದ ಬರೀ ಕರಕಲು ಬರುತ್ತಿತ್ತು. ಅತ್ತಿಗೆ ಆರು ಕೊಟ್ಟು ಟೀ ಕುಡಿಯಲು ಹೋಗುವಳು. ಬಂದು ನೋಡಿದರೆ ಪರದೆಯ ಮೇಲೆ ಎರಡು. ಆ ಹೊತ್ತಿನಲ್ಲಿ ಕೋಣೆಯಲ್ಲಿ ಇರುತ್ತಿದ್ದವಳು ನಾದಿನಿ ಒಬ್ಬಳೇ.

"ನೀನೇನಾದ್ರೂ ಇದನ್ನ ಮುಟ್ಟಿದ್ಯಾ?"

"ಇಲ್ಲ ಅತ್ತಿಗೆ," ಎಂದ ನಾದಿನಿ ಮೇಜಿನ ಮೇಲಿದ್ದ ಕೈಯನ್ನು ಸರಕ್ಕನೆ ಹಿಂದೆಳೆದುಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳಲ್ಲ ಎಂದುಕೊಂಡಳು ಅತ್ತಿಗೆ.

ಉರಿಯುವ ಬೆಂಕಿಗೆ ತುಪ್ಪ ಸುರಿದವರು ಮೇಲ್ವಿಚಾರಕರು. "ನಿಮ್ಮ ನಾದಿನಿ ಬೇಗ ಕಲೀತಾಳೆ. ಮುಂದೆ ಅವಳಿಗೇ ಮಿಷನ್ ಕೊಡಬಹುದು," ಎಂದರು. ಕೋಣೆಯಲ್ಲಿ ಇರುವುದೇ ಒಂದು ಮಿಷನ್. ಅತ್ತಿಗೆ ಯಾರಿಗೂ ಹೇಳದೆ ಪಾಸ್‌ವರ್ಡ್ ಬದಲಿಸಿದಳು. ಆದರೂ ಮರುದಿನ ಎರಡು. ಬೆನ್ನ ಹಿಂದೆ ನಿಂತು ನನ್ನ ಬೆರಳು ನೋಡಿಕೊಂಡಿದ್ದಾಳೆ, ಇನ್ನೇನು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನಾದಿನಿ ನಕ್ಕರೆ ಅಣಕ, ಸುಮ್ಮನಿದ್ದರೆ ಸಂಚು.

ಆ ಸಂಜೆ ಊಟಕ್ಕೆ ಬಡಿಸುತ್ತ ಅವಳ ಬಾಯಿ ಜಾರಿತು. "ಹಾವಿಗೆ ಹಾಲೆರೆದೆ ಅತ್ತೆ."

"ಯಾರ ವಿಷಯ ಹೇಳ್ತಿದ್ದೀಯೆ?" ಎಂದರು ಅತ್ತೆ.

"ಮುಟ್ಟಬೇಕಾದೋರಿಗೆ ಮುಟ್ಟಿರತ್ತೆ ಬಿಡಿ."

ಗಂಡ ತಟ್ಟೆಯೊಳಗೆ ತಲೆ ಹುದುಗಿಸಿದ. ನಾದಿನಿ ಅರ್ಧ ಊಟಕ್ಕೇ ಎದ್ದು ಕೈ ತೊಳೆದಳು.

ಮರುದಿನ ಅವಳು ಕುರ್ಚಿಯನ್ನು ಗೋಡೆಗೆ ಎಳೆದುಕೊಂಡು, ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿ ಕುಳಿತಳು. "ನಾನು ಇಲ್ಲಿಂದ ಏಳಲ್ಲ. ನೀವು ಆರು ಕೊಡಿ. ಇಬ್ರೂ ನೋಡ್ತಾ ಇರೋಣ."

ಅತ್ತಿಗೆ ಆರು ಕೊಟ್ಟಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕುಂಯ್ ಎಂದಿತು. ಪರದೆಯ ಅಂಕಿ ಐದಾಯಿತು, ನಾಲ್ಕಾಯಿತು, ಇಳಿದು ಇಳಿದು ಎರಡಕ್ಕೆ ಬಂದು ನಿಂತಿತು. ಅತ್ತಿಗೆಗೆ ಮೊದಲು ಬಂದದ್ದು ನಾಚಿಕೆಯಲ್ಲ. ಅವಳು ಬಗ್ಗಿ, ನಾದಿನಿಯ ಕಾಲ ಬಳಿ ವೈರು ಏನಾದರೂ ಇದೆಯೇ ಎಂದು ನೋಡಿದಳು. ನಾದಿನಿ ಅದನ್ನೂ ನೋಡಿದಳು.

ಅಷ್ಟರಲ್ಲಿ ಗೋಡೆಯಾಚೆಯಿಂದ ಗೊಣಗು ಕೇಳಿತು. ಪಕ್ಕದ ಕೋಣೆಯಲ್ಲಿ ಲೇಸರ್ ಬೆಸುಗೆ ಹಾಕುವವನಿಗೆ ಎಲ್ಲರೂ ಇಟ್ಟಿದ್ದ ಹೆಸರೇ ಗೊಣಗಪ್ಪ. ಇಬ್ಬರೂ ಎದ್ದು ಹೋದರು. ಅವನ ಮುಂದೆಯೂ ಅಂಥದೇ ಪರದೆ, ಅಂಥದೇ ಕೊಳವೆ. ಅವನಿಗದು ಹೊಸದಾಗಿ ಬಂದದ್ದು.

"ಬೆಸುಗೆಗೆ ನಂಗೆ ಎರಡು ಬೇಕು. ಎರಡು ಕೊಡ್ತೀನಿ, ಬೆಸುಗೆ ಮಾತ್ರ ಹದಕ್ಕೆ ಬರಲ್ಲ. ಆಮೇಲೆ ನೋಡಿದ್ರೆ ಅಂಕಿ ತಾನೇ ಆರಕ್ಕೆ ಹೋಗಿರತ್ತೆ," ಎಂದು, ಅತ್ತಿಗೆಯನ್ನೇ ದುರುಗುಟ್ಟಿ ನೋಡಿ, "ಸುಳ್ಳ್ಯಾಕೆ ಹೇಳಲಿ, ನೀವೇ ಬಂದು ಏನೋ ಮಾಡ್ತಿದ್ದೀರ ಅಂದ್ಕೊಂಡಿದ್ದೆ," ಎಂದ.

"ಈಗ ಮೂರು ಕೊಡಿ," ಎಂದ ನಾದಿನಿ ತಮ್ಮ ಕೋಣೆಗೆ ಓಡಿದಳು. ಅವನು ಕೊಟ್ಟ. ಅವನ ಎದುರಿಗಿದ್ದ ಕೊಳವೆ ಕಮಕ್ ಕಿಮಕ್ ಅನ್ನಲಿಲ್ಲ. ಗೋಡೆಯಾಚೆ ಕುಂಯ್ ಎಂದಿತು. "ಇಲ್ಲಿ ಮೂರಾಯ್ತು," ಎಂದು ನಾದಿನಿ ಕೂಗಿ ಹೇಳಿದಳು.

ಹೊಸ ಕೊಳವೆ ಜೋಡಿಸಲು ಬಂದ ಮೆಕ್ಯಾನಿಕ್ ಅತ್ತಿಗೆಯ ಕಂಪ್ಯೂಟರಿನ ಸೆಟ್ಟಿಂಗನ್ನು, ಅದರಲ್ಲಿದ್ದ ಅವಳ ಕೊಳವೆಯ ನೆಟ್‌ವರ್ಕ್ ವಿಳಾಸದ ಸಮೇತ, ಹಾಗೇ ಎತ್ತಿ ಗೊಣಗಪ್ಪನ ಕಂಪ್ಯೂಟರಿಗೂ ಹಾಕಿಬಿಟ್ಟಿದ್ದ. ಹೀಗಾಗಿ ಅವನು ಕೊಟ್ಟ ಅಂಕಿ ಹೋಗಿ ಮುಟ್ಟುತ್ತಿದ್ದದ್ದು ಅತ್ತಿಗೆಯ ಕೊಳವೆಗೆ. ಅವನದು ಬಂದ ದಿನದಿಂದ ಮಿಸುಕಿರಲೇ ಇಲ್ಲ. ಮೆಕ್ಯಾನಿಕ್ ಮತ್ತೆ ಬಂದು ಸರಿಮಾಡಿ ಹೋದ. ಮೇಲ್ವಿಚಾರಕರು ನಕ್ಕರು, ಗೊಣಗಪ್ಪ ಕೂಡ ನಕ್ಕ.

ಮನೆಗೆ ಹೋದಮೇಲೆ ಅತ್ತಿಗೆ, "ನಂದೇ ತಪ್ಪು ಅತ್ತೆ," ಎಂದಳು.

"ನಂಗ್ಯಾಕೆ ಹೇಳ್ತೀಯ? ಅವಳಿಗೆ ಹೇಳು," ಎಂದರು ಅತ್ತೆ, ತಲೆಯೆತ್ತದೆ.

ಹೇಳಿದಳು. ಬಟ್ಟೆ ಮಡಿಸುತ್ತಿದ್ದ ನಾದಿನಿ, "ಆಯ್ತಲ್ಲ, ಬಿಡಿ ಅತ್ತಿಗೆ. ನೀವು ಅಂದಿದ್ದಕ್ಕಲ್ಲ, ನಾನು ಕೈಕಟ್ಟಿ ಕೂತಿದ್ರೂ ಬಗ್ಗಿ ನೋಡಿದ್ರಲ್ಲ, ಅದಕ್ಕೆ ಬೇಜಾರಾಯ್ತು," ಎಂದಳು.

ಬೆಸುಗೆ ಕೋಣೆಗೆ ಇನ್ನೊಬ್ಬರು ಬೇಕು ಎಂದು ಮೇಲ್ವಿಚಾರಕರು ಕೇಳಿದಾಗ ನಾದಿನಿ ಅತ್ತಿಗೆಯ ಕಡೆ ನೋಡದೆ ಕೈ ಎತ್ತಿದಳು. ಕಪ್ಪು ಕನ್ನಡಕ, ಕೈಗವಸು ಎತ್ತಿಕೊಂಡು ಹೊರಟವಳನ್ನು ಅತ್ತಿಗೆ, "ಊಟಕ್ಕಾದ್ರೂ ಒಟ್ಟಿಗೆ ಕೂರೋಣ ಅಲ್ವಾ?" ಎಂದು ಕೇಳಿದಳು.

"ಕೂರೋಣ," ಎಂದಳು ನಾದಿನಿ.

ಕೂರುತ್ತಾರೆ ಕೂಡ. ಬಸ್ಸು ತಡವಾದದ್ದು, ಗೊಣಗಪ್ಪನ ಗೊಣಗಾಟ, ಎಲ್ಲ ಮಾತಾಡುತ್ತಾರೆ. ಮಾತಿನ ಮಧ್ಯೆ ನಾದಿನಿ ಸುಮ್ಮನಾದರೆ ಮಾತ್ರ, ಅವಳು ಏನು ಯೋಚಿಸುತ್ತಿದ್ದಾಳೋ ಎಂದು ಅತ್ತಿಗೆಯ ಕೈಯ ತುತ್ತು ಅಲ್ಲೇ ನಿಲ್ಲುತ್ತದೆ.