ಗೋಡೆಯ ಮೇಲಿನ ಕೆಂಪು ಚುಕ್ಕಿ

ಹಳೇ ನೂಲಿನ ಕಾರ್ಖಾನೆಯೊಳಗೆ ಹಲಗೆ ಗೋಡೆ ಎಬ್ಬಿಸಿ, ನಮ್ಮಂಥ ಕಲಾವಿದರಿಗೆ ಕೋಣೆಗಳನ್ನು ಬಾಡಿಗೆಗೆ ಕೊಟ್ಟಿದ್ದಾರೆ. ನಮ್ಮಂಥ ಅಂದೆನಾ? ಚಿತ್ರ ಬರೆಯುವವರು ನನ್ನ ಗಂಡ. ನನ್ನದೇನಿದ್ದರೂ ಕುಂಚ ತೊಳೆಯುವ ಕೆಲಸ. ವರ್ಷಕ್ಕೊಂದು ದಿನ ಎಲ್ಲ ಕೋಣೆಗಳ ಬಾಗಿಲು ತೆರೆದು ಜನರನ್ನು ಒಳಗೆ ಬಿಡುತ್ತಾರೆ. ಮಾರಾಟವಾದ ಚಿತ್ರದ ಪಕ್ಕ ಗೋಡೆಗೆ ಕೆಂಪು ಚುಕ್ಕಿ ಅಂಟಿಸುವುದು ಇಲ್ಲಿಯ ರೂಢಿ.

ಈ ಸಲ ಬಿಸಿಲೇರುವ ಮೊದಲೇ ಎದುರು ಕೋಣೆಯ ಗಡ್ಡದವನ ಗೋಡೆಗೆ ದಡಾರ ಎದ್ದ ಹಾಗಿತ್ತು. ನಮ್ಮದು ಬೋಳು ಬೋಳು. ಇವರು ಬಂದವರಿಗೆಲ್ಲ ಹಲ್ಲು ಕಿರಿದು ಸುಸ್ತಾಗಿ ಟೀ ತರಲು ಹೋದರು. ನನಗೆ ಹೊಟ್ಟೆ ಉರಿದುಹೋಯಿತು. ಗಡ್ಡದವನ ಮೇಜಿನಿಂದ ಒಂದು ಚುಕ್ಕಿ ಎಗರಿಸಿ ತಂದು, ನಮ್ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂತಿರುವ ಚಿತ್ರದ ಪಕ್ಕ ಒತ್ತಿಬಿಟ್ಟೆ. ಅತ್ತೆ ತೀರಿಕೊಂಡ ಮೇಲೆ ಇವರು ನೆನಪಿನಿಂದಲೇ ಬರೆದದ್ದು ಅದು.

ವಾಪಸ್ ಬಂದವರು ನೋಡಿ ಟೀ ಚೆಲ್ಲಿಕೊಂಡರು. "ಯಾರೇ ತಗೊಂಡಿದ್ದು?"

"ಯಾರೋ ಎತ್ತರದವರು. ಸಂಜೆ ಬಂದು ಒಯ್ತಾರಂತೆ."

ಇವರು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು. ಒಂದು ಚುಕ್ಕಿಯಿಂದ ಯಾರಪ್ಪನ ಗಂಟು ಹೋಯಿತು ಎಂದುಕೊಂಡೆ.

ಮಧ್ಯಾಹ್ನ ಕಳೆದ ಮೇಲೆ ಇವರ ಅಕ್ಕ ಬಂದರು. ತಮ್ಮನ ಕೋಣೆಗೆ ಅವರು ಕಾಲಿಟ್ಟದ್ದು ಇದೇ ಮೊದಲು. ಆ ಚಿತ್ರದ ಮುಂದೆ ನಿಂತವರು ಅಲ್ಲಾಡಲೇ ಇಲ್ಲ.

"ಅಮ್ಮ ಹೀಗೇ ದಾರಾನ ಹಲ್ಲಲ್ಲಿ ಕಚ್ಚಿ ಕತ್ತರಿಸ್ತಿದ್ಲು ಕಣೋ. ಇದನ್ನ ನಂಗೆ ಕೊಡೋ. ಪುಕ್ಕಟೆ ಬೇಡ, ಎಲ್ಲರ ಹಾಗೆ ಕೊಂಡ್ಕೋತೀನಿ."

"ಅಯ್ಯೋ ಅಕ್ಕಾ, ಆಗ್ಲೇ ಮಾರಾಟ ಆಗೋಯ್ತು!" ಇವರ ದನಿಯಲ್ಲಿ ಸಂಕಟಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು.

"ಹೋಗ್ಲಿ ಬಿಡು, ನಿಂಗೆ ಒಳ್ಳೇದಾಯ್ತಲ್ಲ," ಎಂದು ಅತ್ತಿಗೆ ಕಣ್ಣೊರೆಸಿಕೊಂಡು ಹೊರಟೇಬಿಟ್ಟರು. ನಾನು ಬಾಯಿ ಮುಚ್ಚಿಕೊಂಡರೆ ಅವರಿಗೆ ಅಮ್ಮನ ಚಿತ್ರ ತಪ್ಪುತ್ತದೆ. ಬಾಯಿ ಬಿಟ್ಟರೆ ಇವರು ಎಲ್ಲರೆದುರು ನಗೆಪಾಟಲಾಗುತ್ತಾರೆ. ಅತ್ತಿಗೆ ಬಾಗಿಲು ದಾಟಿದ್ದರು. ನನ್ನಿಂದ ತಡೆಯಲಾಗಲಿಲ್ಲ.

"ಅತ್ತಿಗೆ, ನಿಂತ್ಕೊಳಿ. ಯಾರೂ ತಗೊಂಡಿಲ್ಲ. ಚುಕ್ಕಿ ನಾನೇ ಅಂಟಿಸಿದ್ದು."

ಗಡ್ಡದವನೂ ತಿರುಗಿ ನೋಡಿದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತಿಗೆ ಸೀದಾ ಒಳಗೆ ಬಂದು ಚಿತ್ರವನ್ನು ಗೋಡೆಯಿಂದ ಇಳಿಸಿಕೊಂಡರು.

ಇವರು ನನ್ನನ್ನೇ ನೋಡುತ್ತಿದ್ದರು. ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತು ಬೈಯುತ್ತಿದ್ದೆ, ಅದೇನು ನನಗೆ ಕಷ್ಟವಲ್ಲ. ಇವರು ಬೈಯಲಿಲ್ಲ.

"ಚುಕ್ಕಿ ಅಂಟಿಸ್ದಾಗ ಇನ್ನೂ ಬೆಳಿಗ್ಗೆ ಕಣೇ," ಎಂದರು ಮೆಲ್ಲಗೆ. "ಸಂಜೆವರೆಗೆ ಕಾಯೋಷ್ಟೂ ನಂಬಿಕೆ ಇರ್ಲಿಲ್ವಾ ನಿಂಗೆ ನನ್ನ ಮೇಲೆ?"

ಇರಲಿಲ್ಲ. ಇತ್ತು ಎಂದು ಸುಳ್ಳು ಹೇಳಲು ಬಾಯಿ ತೆರೆದವಳು, ಕುಂಚಗಳನ್ನೆತ್ತಿಕೊಂಡು ತೊಳೆಯಲು ಹೋದೆ.