ಶುಕ್ರವಾರದ ತನಕ

ರೇಷ್ಮಾಗೆ ತವರು ಇರಲಿಲ್ಲ. ತಾಯಿ ಇದ್ದಳು, ತಮ್ಮ ಇದ್ದ, ಮುಧೋಳದ ಚರ್ಚಿನ ಹಿಂದೆ ಹೆಂಚಿನ ಮನೆ ಇತ್ತು, ಬನಹಟ್ಟಿಯಿಂದ ಅಲ್ಲಿಗೆ ಬಸ್ಸೂ ಇತ್ತು. ತವರು ಮಾತ್ರ ಇರಲಿಲ್ಲ.

ಹದಿನೇಳು ವರ್ಷದ ಹಿಂದೆ ಅವಳ ಹೆಸರು ಕೃಪಾವತಿ. ಬನಹಟ್ಟಿಯ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸ್ ಆಗಿದ್ದಳು. ಪಾವರ್‌ಲೂಮಿನ ಲಾಳಿ ಸಿಡಿದು ಬೆರಳು ಮುರಿದುಕೊಂಡು ಬಂದ ದಸ್ತಗೀರನಿಗೆ ಪಟ್ಟಿ ಕಟ್ಟಿದಳು. ಬೆರಳು ಒಂದು ತಿಂಗಳಲ್ಲಿ ವಾಸಿಯಾಯಿತು. ಅವನು ಮೂರು ತಿಂಗಳು ಪಟ್ಟಿ ಬದಲಿಸಿಕೊಳ್ಳಲು ಬಂದ. ಮದುವೆಯ ಮಾತು ಎದ್ದಾಗ ಅವನ ಓಣಿಯ ಜಮಾತು, ಅಂದರೆ ಮಸೀದಿಯ ಮಂದಿಯ ಕೂಟ, ತನ್ನ ಹಳೆಯ ರಿವಾಜನ್ನು ಮುಂದಿಟ್ಟಿತು: ಹೊರಗಿನಿಂದ ಬರುವ ಹೆಣ್ಣು ಕಲಮಾ ಓದಿ ಇಸ್ಲಾಮಿಗೆ ಸೇರಬೇಕು, ಹೆಸರು ಬದಲಿಸಬೇಕು, ಹುಟ್ಟಿದ ಮನೆಯ ಹೊಸ್ತಿಲನ್ನು ಮತ್ತೆ ತುಳಿಯಬಾರದು.

ಮೊದಲಿನ ಎರಡನ್ನು ಅವಳು ದಸ್ತಗೀರನಿಗಾಗಿ ಒಪ್ಪಿದಳು. ವರ್ಷ ಕಳೆದಂತೆ ಐದು ಹೊತ್ತಿನ ನಮಾಜು ಅವಳ ಸ್ವಂತದ್ದಾಯಿತು. ಆ ಬಗ್ಗೆ ಅವಳಿಗೆ ದೂರಿರಲಿಲ್ಲ. ಮೂರನೆಯದರ ಬಗ್ಗೆ ಅವಳನ್ನು ಯಾರೂ ಕೇಳಿರಲೇ ಇಲ್ಲ. ಅತ್ತ ಮುಧೋಳದಲ್ಲಿ ಅವಳ ಅಪ್ಪ ಚರ್ಚಿನ ಸಭೆಯ ಹಿರಿಯರಿಗೆ ಹೇಳಿ ಅಲ್ಲಿಯ ಪಟ್ಟಿಯಿಂದ ಅವಳ ಹೆಸರು ಹೊಡೆಸಿಹಾಕಿದ್ದ. ತನಗೆ ಇರುವವನು ಒಬ್ಬ ಮಗ ಮಾತ್ರ ಎಂದಿದ್ದ. ಎರಡೂ ಕಡೆಯ ಹಿರಿಯರು ಇಷ್ಟು ಒಮ್ಮತದಿಂದ ನಡೆದುಕೊಂಡ ಸಂಗತಿ ಬೇರೊಂದಿರಲಿಲ್ಲ. ಆರು ವರ್ಷದ ಹಿಂದೆ ಆ ಅಪ್ಪ ಸತ್ತದ್ದು ಅವಳಿಗೆ ತಿಳಿದದ್ದು ಎಂಟನೆಯ ದಿನ.

ಒಪ್ಪದೆ ಉಳಿದವಳು ತಾಯಿ ಒಬ್ಬಳೇ. ಪ್ರತಿ ಕ್ರಿಸ್‌ಮಸ್ಸಿಗೆ ಆಕೆ ಬನಹಟ್ಟಿಯ ಬಸ್‌ಸ್ಟ್ಯಾಂಡಿಗೆ ಬಂದು ಒಂದು ಡಬ್ಬಿ ಕರಚಿಕಾಯಿಯನ್ನು ಆಟೋದವನ ಕೈಯಲ್ಲಿ ಕಳಿಸಿ ತಿರುಗಿ ಹೋಗುತ್ತಿದ್ದಳು. ಡಬ್ಬಿ ಮನೆ ಮುಟ್ಟಿದೊಡನೆ ಅತ್ತೆ ಹುಸೇನಬಿ ಅದನ್ನು ಗೋಡೆಯ ಆಚೆ ಪಕ್ಕದ ಮನೆಯ ಸಾತವ್ವನಿಗೆ ದಾಟಿಸುತ್ತಿದ್ದಳು.

“ತಗೋ ಬೇ ಸಾತವ್ವಾ, ಕ್ರಿಸ್ತಾನರ ಮನೀದು. ನಮಗ ನಡಿಯಂಗಿಲ್ಲ.”

“ನಿಮಗ ನಡೀಲಿಲ್ಲಂದ್ರ ನಮ್ಮ ಮನ್ಯಾಗ ಓಡತಾವ ಬಿಡ್ರಿ. ನಿಮ್ಮ ಬೀಗತಿ ಕೈ ಛಲೋ ಐತಿ,” ಎಂದು ಸಾತವ್ವ ಅಲ್ಲೇ ಒಂದನ್ನು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅದೇ ಸಾತವ್ವ ಕೊಟ್ಟ ಹೋಳಿಗೆಯನ್ನು ಹುಸೇನಬಿ ಎಂದೂ ಬೇಡ ಎಂದವಳಲ್ಲ. ರೇಷ್ಮಾ ಖಾಲಿ ಡಬ್ಬಿಯನ್ನು ತೊಳೆದು ಆಟೋದವನ ಕೈಗೆ ಕೊಡುತ್ತಿದ್ದಳು.

ಈ ವರ್ಷ ಒಂದು ಬುಧವಾರ ಮುಂಜಾನೆ ತಮ್ಮ ಪ್ರೇಮದಾಸನ ಫೋನು ಬಂತು. ಅಪ್ಪನ ಮಾತನ್ನು ಅಪ್ಪ ಸತ್ತ ಮೇಲೂ ದಾಟದೆ ಇದ್ದವನು ಅವನು.

“ಅವ್ವಗ ಲಕ್ವಾ ಹೊಡದೈತಿ,” ಎಂದ. “ಎಡಗೈ ಹೋಗೈತಿ, ಮಾತು ಅದಾವ. ಮನಿಗೆ ತಂದೇವಿ. ಇನ್ನೊಂದ ಸಲ ಹೊಡದರ ಕಷ್ಟ ಅಂತ ಡಾಕ್ಟರ್ ಹೇಳ್ಯಾರ. ಕೃಪಾನ್ನ ಕರೀರಿ ಅಂತ ಮೂರ ಸಲ ಅಂದಳು. ಬರೂದಿದ್ರ ಬಾ. ಇಲ್ಲಂದ್ರ ಹೇಳು, ಏನರ ಒಂದ ಹೇಳಿ ಸಮಾಧಾನ ಮಾಡತೀನಿ.”

ಎರಡನೆಯ ಸಲ ಹೊಡೆದರೆ ಏನಾಗುತ್ತದೆ ಎಂದು ನರ್ಸ್ ಆಗಿದ್ದವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹುಸೇನಬಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

“ಹೋಗೂ ಮಾತ ಎತ್ತಬ್ಯಾಡ. ಕಲಮಾ ಓದಿದ ಮ್ಯಾಲ ಅದು ನಿನ್ನ ಮನಿ ಅಲ್ಲ. ಹೋದಿ ಅಂದ್ರ ತಲಿ ಮ್ಯಾಲ ಕೈ ಇಟ್ಟು ಪ್ರಾರ್ಥನಾ ಮಾಡಿ ಹೊಳ್ಳಿ ಎಳಕೋತಾರ.”

“ಎಡಗೈ ಏಳಲಾರದಾಕಿ ನನ್ನ ಏನ ಎಳೀತಾಳ್ರಿ ಅಮ್ಮಾ?”

“ನಿನ್ನ ಮಗಳ ನಿಕಾಹ್ ಆಗೂದ ಬ್ಯಾಡೇನ? ಜಮಾತ ತಿರುಗಿ ನಿಂತರ ನಮ್ಮ ಬಾಗಲಕ್ಕ ಯಾರ ಬರತಾರ? ಖಾಜಾಬಿ ಮನ್ಯಾಗ ಏನಾತು, ಮರತಿ?”

ರೇಷ್ಮಾ ಮರೆತಿರಲಿಲ್ಲ. ಹಿಂದಿನ ಓಣಿಯ ಖಾಜಾಬಿಯ ಸೊಸೆಯೂ ಹೀಗೇ ಹೊರಗಿನಿಂದ ಬಂದವಳು. ಕದ್ದು ತವರಿಗೆ ಹೋಗಿ ಬಂದಿದ್ದಳು. ಆ ವರ್ಷ ಮನೆಯ ಮುದುಕ ಸತ್ತಾಗ ಹೆಣ ಹೊರಲು ನಾಲ್ಕು ಹೆಗಲು ಕೂಡಲಿಲ್ಲ.

“ನನ್ನ ನಿಕಾಹ್ ಇನ್ನೂ ಯಾವಾಗೋ ದಾದಿ,” ಎಂದು ಅಜ್ಜಿಗೆ ಹೇಳಿದಳು ಹದಿನಾರರ ಮಗಳು ಜಬೀನ್. “ಮುಧೋಳದ ನಾನಿ ಇವತ್ತ ಅದಾಳ.”

“ನೀ ಸುಮ್ಕಿರ, ದೊಡ್ಡ ಕಾಲೇಜಿನಾಕಿ!”

ಜಬೀನ್ ಸುಮ್ಮನಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋಗಿ ಮೈನುದ್ದೀನ್ ಮಾಸ್ತರರನ್ನು ಕರೆತಂದಳು. ಮಾಸ್ತರರು ಉರ್ದು ಸಾಲೆಯಿಂದ ನಿವೃತ್ತರಾದವರು. ಜಮಾತಿನ ಕಾಗದಪತ್ರ ನೋಡುವವರೂ ಅವರೇ. ಮಗ್ಗಕ್ಕೆ ಹೊರಟಿದ್ದ ದಸ್ತಗೀರನೂ ಬಾಗಿಲಲ್ಲಿ ನಿಂತ.

ಮಾಸ್ತರರು ನೀರು ಕುಡಿದು ಹುಸೇನಬಿಯ ಎದುರು ಮಾತಿಗೆ ಕೂತರು. “ಆಪಾ, ಈ ರಿವಾಜ ನಮ್ಮ ಕಿತಾಬಿನಾಗ ಇಲ್ಲ. ಪೈಗಂಬರರ ಸಂಗಾತಿ ಅಬೂಬಕರರ ಮಗಳು ಅಸ್ಮಾ ಇದ್ದರಲ್ಲ, ಅವರ ತಾಯಿ ಮೂರ್ತಿಪೂಜಾ ಮಾಡಾಕಿ. ಮಗಳನ್ನ ನೋಡಾಕ ಮದೀನಾಕ್ಕ ಬಂದಳು. ಮನ್ಯಾಗ ಕರಕೊಳ್ಳಲೋ ಬ್ಯಾಡೋ ಅಂತ ಅಸ್ಮಾ ಪೈಗಂಬರರನ್ನ ಕೇಳಿದರು. ತಾಯಿ ಸಂಬಂಧ ಕಡೀಬ್ಯಾಡ ಅಂದ್ರು ಅವರು. ಮೂರ್ತಿಪೂಜಾ ಮಾಡಾಕಿದ ಹಂಗಾದ್ರ, ಈಕಿ ತಾಯಿ ಅಂತೂ ಕಿತಾಬಿನಾಕಿ, ಅಲ್ಲಾಹ ನಮಗಿಂತ ಮೊದಲ ಗ್ರಂಥ ಕೊಟ್ಟ ಮಂದಿಯಾಕಿ.”

“ಅವರು ಈಸಾ ದೇವರ ಮಗಾ ಅಂತಾರಲ್ರಿ ಮಾಸ್ತರ್ರ?” ಎಂದಳು ಹುಸೇನಬಿ.

“ಅಂತಾರ. ನಾವ ಅನ್ನಂಗಿಲ್ಲ. ದೊಡ್ಡ ನಬಿ, ದೊಡ್ಡ ಪೈಗಂಬರ ಅಂತೀವಿ. ಆ ಭೇದ ಸಣ್ಣದ ಅಂತ ನಾ ಹೇಳಂಗಿಲ್ಲ. ಖರೆ, ಅದರ ಫೈಸಲಾ ಕಯಾಮತ್ ದಿನ ಅಲ್ಲಾಹ ಮಾಡತಾನ, ಬನಹಟ್ಟಿ ಜಮಾತ ಅಲ್ಲ. ಮಕ್ಕಾದಾಗ ನಮ್ಮವರಿಗೆ ನಿಲ್ಲಾಕ ಜಾಗಾ ಇರಲಾರದಾಗ ಸಮುದ್ರದಾಚೆ ಹಬಶಾ ದೇಶದ ರಾಜಾ ಇಟ್ಟುಕೊಂಡ. ಅಂವಾ ಯಾರು? ಈಸಾಯಿ, ಕ್ರಿಸ್ತಾನರಾಂವ. ಕುರಾನಿನಾಗ ಈಸಾರ ತಾಯಿ ಮರಿಯಮ್ಮನ ಆಯತ್ ಕೇಳಿ ಅತ್ತಾನಂತ.”

“ಆ ರಾಜಾ ಬ್ಯಾರೆ, ಮುಧೋಳದವರ ಬ್ಯಾರೆ.”

“ಮರಿಯಮ್ಮನೂ ಬ್ಯಾರೆ ಏನ ಆಪಾ? ಆಕಿ ಹೆಸರಿಂದು ಒಂದು ಸೂರಾ, ಒಂದು ಅಧ್ಯಾಯನ ಐತಿ ನಮ್ಮಲ್ಲಿ. ಕಿತಾಬಿನವರ ಊಟ ನಮಗ ಹಲಾಲ್. ಅವರ ಹೆಣ್ಣಮಕ್ಕಳನ್ನ ಅವರ ಧರ್ಮದಾಗ ಇಟ್ಟನ ನಿಕಾಹ್ ಮಾಡಕೋಬಹುದು. ನೀ ಗ್ವಾಡಿ ದಾಟಿಸಿ ಕೊಡತಿದ್ದೆಲ್ಲ ಡಬ್ಬಿ, ಅದನ್ನ ನೀನ ತಿನಬಹುದಿತ್ತು.”

ಹುಸೇನಬಿ ಮೊರವನ್ನು ಕೆಳಗಿಟ್ಟಳು. “ಇದನ್ನ ನೀವು ಹದಿನೇಳ ವರ್ಷ ಆದ ಮ್ಯಾಲ ಹೇಳಾಕತ್ತೀರಿ. ನಿಕಾಹ್ ದಿನಾ ಗವಾಹ್ ಅಂತ ಸಾಕ್ಷಿ ಸಹಿ ಮಾಡಿದವರು ನೀವ ಅಲ್ಲೇನು?”

ಸಹಿ ಮಾಡಿದವರು ಮಾಸ್ತರರೇ. ಆಗಲೂ ಅವರಿಗೆ ಇದೆಲ್ಲ ಗೊತ್ತಿತ್ತು. ಆಗ ಅವರಿಗೆ ನೌಕರಿ ಇತ್ತು, ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರು, ಜಮಾತಿನ ಭಯವಿತ್ತು.

“ಸುಮ್ಕ ಕುಂತಿದ್ದು ನನ್ನ ತಪ್ಪು,” ಎಂದರು. ಆಮೇಲೆ ರೇಷ್ಮಾಳ ಕಡೆ ತಿರುಗಿದರು. “ತಂಗಿ, ಕದ್ದು ಹೋಗಬ್ಯಾಡ. ಎರಡ ದಿನ ತಡಿ. ಶುಕ್ರವಾರ ಜುಮ್ಮಾ ಆದ ಮ್ಯಾಲ ಎಲ್ಲಾರ ಮುಂದ ಇದನ್ನ ಇಡತೀನಿ. ಒಮ್ಮೆ ಠರಾವ ಆತಂದ್ರ ನಿನ್ನ ಹಿಂದ ಬರೂ ಹೆಣ್ಣಮಕ್ಕಳಿಗೂ ದಾರಿ ಆಗತೈತಿ.”

“ಎರಡ ದಿನ ಭಾಳ ಆಗತೈತ್ರಿ ಮಾಸ್ತರ್ರ.”

“ಹದಿನೇಳ ವರ್ಷ ತಡದಾಕಿಗೆ ಎರಡ ದಿನ ಏನ ತಂಗಿ?”

ದಸ್ತಗೀರ, “ಮಾಸ್ತರ ಹೇಳೂದು ಬರೋಬರಿ ಐತಿ,” ಎಂದ. ಅವನು ಕೆಟ್ಟವನಲ್ಲ. ಯಾರಾದರೂ ಒಂದು ದಾರಿ ತೋರಿಸಿದರೆ ಸಾಕು ಎಂದು ಕಾಯುವ ಗಂಡಸು. ರೇಷ್ಮಾ ಮಗಳ ಮುಖ ನೋಡಿದಳು. ನಾಲ್ಕು ಹೆಗಲು ಸಿಗದ ಆ ಹೆಣ ನೆನಪಾಯಿತು. ತಲೆಯಾಡಿಸಿದಳು.

ಆಗಲೇ ತಮ್ಮನಿಗೆ ಫೋನು ಹಚ್ಚಿದಳು. ಅವನು ಅದನ್ನು ತಾಯಿಯ ಕಿವಿಗೆ ಹಿಡಿದ.

“ಕೃಪಾ, ಬಸ್ಸಿನಾಗ ಕುಂತಿ ಏನವ್ವಾ?” ಮಾತು ತೊದಲುತ್ತಿತ್ತು, ಅರ್ಥವಾಗುತ್ತಿತ್ತು.

“ಶುಕ್ರವಾರ ಬರತೀನಿ ಅವ್ವಾ.”

“ಶುಕ್ರವಾರ ಏನೈತಿ?”

ರೇಷ್ಮಾ ಜಮಾತಿನ ಮಾತು ಎತ್ತಲಿಲ್ಲ. “ಸ್ವಲ್ಪ ಕೆಲಸ ಐತಿ,” ಎಂದಳು.

ಗುರುವಾರ ಇಡೀ ದಿನ ಅವಳು ಮನೆಯ ಕೆಲಸ ಮಾಡಿದಳು. ಶುಕ್ರವಾರ ಬ್ಯಾಗು ತುಂಬಿಟ್ಟುಕೊಂಡು ಪಡಸಾಲೆಯಲ್ಲಿ ಕೂತಳು. ಮಸೀದಿಯಲ್ಲಿ ಏನೇನಾಯಿತು ಎಂದು ದಸ್ತಗೀರ ಆಮೇಲೆ ಹೇಳಿದ. ಮಸೀದಿಯ ಆಡಳಿತ ನೋಡುವ ಮುತವಲ್ಲಿ ರಾಜೇಸಾಬ ಎದ್ದು, ಇವತ್ತು ತವರಿಗೆ ಹೋಗಲು ಬಿಟ್ಟರೆ ನಾಳೆ ಚರ್ಚಿಗೂ ಹೋಗಲು ಬಿಡಬೇಕಾದೀತು ಎಂದ. ಅಪ್ಪ ಅಜ್ಜರಿಗೆ ಇಲ್ಲದ ಬುದ್ಧಿ ಮಾಸ್ತರರಿಗೆ ಎಲ್ಲಿಂದ ಬಂತು ಎಂದು ಇನ್ನೊಬ್ಬ ಕೇಳಿದ. ಮಾಸ್ತರರು ಒಂದೊಂದೇ ಆಧಾರ ತೆಗೆದು ಓದಿದರು. ಜಮಖಂಡಿಯ ಒಬ್ಬ ಆಲಿಮರಿಗೆ, ಧರ್ಮಶಾಸ್ತ್ರ ಓದಿದವರಿಗೆ, ಫೋನು ಹಚ್ಚಿ ಎಲ್ಲರೂ ಕೇಳುವಂತೆ ಹಿಡಿದರು. ಆಲಿಮರೂ ಮಾಸ್ತರರ ಮಾತನ್ನೇ ಹೇಳಿದರು. ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಠರಾವು ಬರೆದು ಹನ್ನೊಂದು ಜನ ಸಹಿ ಹಾಕಿದರು: ಹೊರಗಿನಿಂದ ಬಂದ ಸೊಸೆಯಂದಿರು ಹುಟ್ಟಿದ ಮನೆಗೆ ಹೋಗಲು ಬರಲು ಅಡ್ಡಿಯಿಲ್ಲ.

ರೇಷ್ಮಾ ಜಬೀನಳನ್ನು ಕರೆದುಕೊಂಡು ಐದೂವರೆಯ ಬಸ್ಸು ಹತ್ತಿದಳು.

ಮುಧೋಳದ ಮನೆಯ ಬಾಗಿಲಲ್ಲಿ ತಮ್ಮನ ಹೆಂಡತಿ ನಿಂತಿದ್ದಳು. ರೇಷ್ಮಾ ಅವಳನ್ನು ನೋಡಿದ್ದು ಅದೇ ಮೊದಲು. “ಬರ್ರಿ, ಒಳಗ ಬರ್ರಿ,” ಎಂದಳು, ಗುರುತಿಲ್ಲದವರನ್ನು ಕರೆಯುವ ಹಾಗೆ.

“ನಿನ್ನೆ ಸಂಜಿಗೆ ಇನ್ನೊಮ್ಮೆ ಹೊಡೀತು,” ಎಂದ ಪ್ರೇಮದಾಸ. “ದವಾಖಾನ್ಯಾಗ ಏನೂ ಮಾಡಾಕ ಬರಂಗಿಲ್ಲ ಅಂದ್ರು. ನೀ ಹೆಂಗೂ ಇವತ್ತ ಬರತೀನಿ ಅಂದಿದ್ದೆಲ್ಲ, ಅದಕ್ಕ ಫೋನ್ ಮಾಡಲಿಲ್ಲ.”

ತಾಯಿಯ ಕಣ್ಣುಗಳು ತೆರೆದಿದ್ದವು. ಬಾಯಿ ಒಂದು ಕಡೆಗೆ ವಾಲಿತ್ತು. ರೇಷ್ಮಾ ನಾಡಿ ಹಿಡಿದು ನೋಡಿದಳು, ದವಡೆ ಒರೆಸಿದಳು, ಮಗ್ಗುಲು ಬದಲಿಸಿ ಬೆನ್ನಿಗೆ ದಿಂಬು ಕೊಟ್ಟಳು, ಕಿವಿಯ ಹತ್ತಿರ ಬಾಗಿ ತನ್ನ ಹಳೆಯ ಹೆಸರು ಹೇಳಿದಳು. ಕಣ್ಣು ಕದಲಲಿಲ್ಲ. ತಾಯಿ ತನ್ನ ಗುರುತು ಹಿಡಿದಳು ಎಂದು ಅವಳು ಮುಂದೆ ಯಾರಿಗೂ ಹೇಳಲಿಲ್ಲ, ಏಕೆಂದರೆ ಹಿಡಿಯಲಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಭಾನುವಾರ ಚರ್ಚಿನ ಆರಾಧನೆ ಮುಗಿಯುವ ಹೊತ್ತಿಗೆ ತಾಯಿ ಸತ್ತಳು.

ಮಣ್ಣಿಗೆ ದಸ್ತಗೀರನೂ ಮಾಸ್ತರರೂ ಬಂದರು. ಹುಸೇನಬಿ ಬರಲಿಲ್ಲ. ಪಾದ್ರಿಗಳು ಪ್ರಾರ್ಥನೆ ಹೇಳುವಾಗ ಮಾಸ್ತರರು ಟೋಪಿ ಹಾಕಿಕೊಂಡು ಬೇವಿನ ಮರದ ಕೆಳಗೆ ತಲೆ ತಗ್ಗಿಸಿ ನಿಂತಿದ್ದರು. ಎಲ್ಲ ಮುಗಿದ ಮೇಲೆ ರೇಷ್ಮಾಳ ಹತ್ತಿರ ಬಂದರು.

“ಬುಧವಾರನ ನಿನ್ನ ಬಸ್ಸಿಗೆ ಹತ್ತಸಬೇಕಾಗಿತ್ತು ತಂಗಿ. ಠರಾವ ಆಮ್ಯಾಲೂ ಮಾಡಬಹುದಿತ್ತು.”

“ನೀವು ಹೇಳಿದ್ದೆಲ್ಲಾ ಖರೇನ ಇತ್ರಿ ಮಾಸ್ತರ್ರ,” ಎಂದಳು ರೇಷ್ಮಾ. “ಅವ್ವನ ಕಡೆ ಹೋಗಾಕ ಹನ್ನೊಂದ ಮಂದೀನ್ನ ಕೇಳಬೇಕು ಅನ್ನೂದನ್ನ ನಾ ಒಪ್ಪಿಕೊಂಡಿದ್ದು ತಪ್ಪು. ಜಬೀನಗ ಹೇಳೇನಿ, ನೀ ಯಾರನ್ನೂ ಕೇಳಬ್ಯಾಡ ಅಂತ.”

ಮುಂದಿನ ತಿಂಗಳು ಖಾಜಾಬಿಯ ಸೊಸೆ ಹಾಡಹಗಲೇ ಮಗುವನ್ನು ಎತ್ತಿಕೊಂಡು ತವರಿಗೆ ಹೋಗಿ, ನಾಲ್ಕು ದಿನ ಇದ್ದು ಬಂದಳು. ಯಾರೂ ತಡೆಯಲಿಲ್ಲ. ರಿವಾಜು ಅಷ್ಟು ಸುಲಭವಾಗಿ ಮುರಿಯುವಂಥದ್ದಾಗಿತ್ತು.

ರೇಷ್ಮಾ ಕಳೆದುಕೊಂಡದ್ದು ಇಷ್ಟು: ಅಪ್ಪನ ಮಣ್ಣು, ತಮ್ಮನ ಮದುವೆ, ತಾಯಿ ಮಾಡಬೇಕಾಗಿದ್ದ ಒಂದು ಬಾಣಂತನ, ತಾಯಿಗೆ ಮಾತಿದ್ದ ಒಂದೂವರೆ ದಿನ.