ತಿರುವಿನ ಕ್ಯಾಮೆರಾ

ಚಿಕ್ಕಪ್ಪ ಶಿವಪ್ರಕಾಶ್ ಕಟ್ಟಿದ್ದು ಸಡಿಲವಾಗಿತ್ತು. ಸೌಮ್ಯ ತೀರಿಕೊಂಡ ಅಪ್ಪನ ಗಲ್ಲದ ಬಟ್ಟೆಯ ಗಂಟು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟುತ್ತಿದ್ದಳು. ಅಷ್ಟರಲ್ಲಿ ಎಸ್ಟೇಟ್ ಲೈನಿನ, ಅಂದರೆ ಕೂಲಿಯವರ ಸಾಲುಮನೆಗಳ, ಜವರ ಬಂದು ಬಾಗಿಲಲ್ಲಿ ನಿಂತ. ಅವನು ಹೊದ್ದಿದ್ದ ಪ್ಲಾಸ್ಟಿಕ್ ಹಾಳೆಯಿಂದ ನೀರು ಇಳಿಯುತ್ತಿತ್ತು.

“ಸೌಮ್ಯಕ್ಕ, ಇದು ಈಗ ಹೇಳೋ ಮಾತಲ್ಲ. ತಿರುವಿನ ಕ್ಯಾಮೆರಾದಲ್ಲಿ ಏನೂ ಕಾಣ್ತಾ ಇಲ್ಲ. ಟೀವೀಲಿ ಬರೀ ಬೆಳ್ಳಗೆ.”

“ಯಾವಾಗಿಂದ?”

“ಬೆಳಗ್ಗೆಯಿಂದ. ಆ ಕಡೆ ಬಿದಿರು ಮುರಿಯೋ ಸದ್ದು ಕೇಳ್ದೆ. ಆನೆ ಬಂದಿರೋದಂತೂ ನಿಜ. ಹೋಯ್ತೋ, ಅಲ್ಲೇ ಅದೆಯೋ ಗೊತ್ತಿಲ್ಲ. ಫಾರೆಸ್ಟಿನೋರು ಇನ್ನೊಂದು ಹಿಂಡಿನ ಹಿಂದೆ ಇದಾರಂತೆ. ಬರೋದು ಸಾಯಂಕಾಲ ಆಗುತ್ತೆ ಅಂದ್ರು.”

ಹನ್ನೊಂದಕ್ಕೆ ಮಣ್ಣು ಎಂದು ಎಲ್ಲರಿಗೂ ಹೇಳಿಯಾಗಿತ್ತು. ಸ್ಮಶಾನ ಇದ್ದದ್ದು ಆ ತಿರುವಿನಾಚೆ, ಹಳ್ಳದ ಪಕ್ಕ. ಹೋಗಲು ಅದೊಂದೇ ದಾರಿ. ಒಂದು ಮಗ್ಗುಲಿಗೆ ತೋಟದ ಮುಳ್ಳುತಂತಿ, ಇನ್ನೊಂದಕ್ಕೆ ಕಾಡು. ಚಟ್ಟ ಹೊತ್ತವರಿಗೆ ಓಡಲು ಜಾಗವಿಲ್ಲ.

“ತಮಟೆ ಬಡ್ಕೊಂಡು ಹೋದ್ರೆ ತಾನಾಗೇ ಸರಿಯುತ್ತೆ ಬಿಡಪ್ಪ,” ಎಂದರು ಶಿವಪ್ರಕಾಶ್. ಅವರು ಇರುವುದು ಅರಕಲಗೂಡಿನ ಕಡೆ, ಅಣ್ಣ ತೀರಿಕೊಂಡ ಸುದ್ದಿಗೆ ರಾತ್ರಿ ಬಸ್ಸು ಹತ್ತಿ ಬಂದಿದ್ದರು.

“ಮರಿ ಇದ್ರೆ ಸರಿಯಲ್ಲ ಸಾಮಿ. ಮೇಲೆ ಬರುತ್ತೆ,” ಎಂದ ಜವರ.

ಸೌಮ್ಯ ಎದ್ದಳು. “ನಾನೇ ಹೋಗಿ ನೋಡ್ತೀನಿ. ಕಂಬ ಇರೋದು ತಿರುವಿನ ಈ ಕಡೆ. ಅಲ್ಲೀವರೆಗೆ ಹೋಗ್ಬಹುದು.”

“ಏನ್ ಮಾತಮ್ಮ ಇದು? ಹೆಣ ಮನೇಲಿಟ್ಕೊಂಡು ಮಗಳು ಕಂಬ ಹತ್ತೋದಾ? ಜನ ಏನಂತಾರೆ?” ಎಂದರು ಶಿವಪ್ರಕಾಶ್.

ತಲೆಯ ಬಳಿ ದೀಪಕ್ಕೆ ಎಣ್ಣೆ ಬಿಡುತ್ತಿದ್ದ ಅಮ್ಮ ವನಜಮ್ಮ ತಲೆ ಎತ್ತಲಿಲ್ಲ. “ಅವರಿದ್ದಿದ್ರೆ ಇಷ್ಟೊತ್ತಿಗೆ ಏಣಿ ಹೊತ್ಕೊಂಡು ಹೋಗಾಗಿರೋದು. ಹೋಗ್ಬಾ ಮಗ,” ಎಂದರು.

*

ಸೌಮ್ಯಳ ಅಪ್ಪ ಸಣ್ಣಸ್ವಾಮಿ ಕುಶಾಲನಗರದ ಬಳಿ ಶುಂಠಿ ಬೆಳೆಯಲು ಬಂದ ಮನೆಯವರ ಹಿರಿಮಗ. ಮಣ್ಣಿಗಿಂತ ರೇಡಿಯೋ ಮೇಲೆ ಅವನ ಮನಸ್ಸು ಹೆಚ್ಚು. ಅಮ್ಮತ್ತಿಯಲ್ಲಿ ಹತ್ತಡಿ ಅಂಗಡಿ ಹಿಡಿದು ಮೊದಲು ರೇಡಿಯೋ, ಆಮೇಲೆ ಟೀವಿ ರಿಪೇರಿ ಮಾಡಿದ. ತೋಟದ ಮನೆಗಳಿಗೆಲ್ಲ ಕ್ಯಾಮೆರಾ ಬಂದಾಗ ಅದನ್ನೂ ಕಲಿತ.

ಮೊದಲ ಮಳೆಗಾಲದಲ್ಲೇ ಹದಿನಾಲ್ಕು ಕ್ಯಾಮೆರಾ ಕೆಟ್ಟು ಬಂದವು. ಮಳೆಗೆ ಹೋಯ್ತು, ಹೊಸದು ಹಾಕಿ ಎಂದು ಎಲ್ಲರೂ ಹೇಳುತ್ತಿದ್ದ ಕಾಲ. ಸಣ್ಣಸ್ವಾಮಿ ಹದಿನಾಲ್ಕನ್ನೂ ಬಿಚ್ಚಿ ಮೇಜಿನ ಮೇಲೆ ಹರಡಿ, ಒಂದೊಂದರ ಮುಂದೆಯೂ ಕೂತ. ಎರಡು ದಿನ ಕಳೆದ ಮೇಲೆ ಮಗಳನ್ನು ಕರೆದ.

“ನೋಡು ಮಗ, ಒಂದ್ರಲ್ಲೂ ಗಾಜಿನ ಕಡೆಯಿಂದ ನೀರು ಹೋಗಿಲ್ಲ. ಎಲ್ಲ ಹೋಗಿರೋದು ಹಿಂದ್ಗಡೆಯಿಂದ, ತಂತಿ ಹಿಡ್ಕೊಂಡು. ನೀರಿಗೆ ದಾರಿ ತೋರ್ಸಿರೋದು ನಾವೇ.”

ಅಂದಿನಿಂದ ಅವನು ತಂತಿಯನ್ನು ನೇರವಾಗಿ ಒಳಗೆ ಬಿಡಲಿಲ್ಲ. ತೂತಿಗಿಂತ ಒಂದು ಗೇಣು ಕೆಳಗೆ ಜೋಲು ಬಿಟ್ಟು, ಮತ್ತೆ ಮೇಲಕ್ಕೆ ತಂದು ಸೇರಿಸುತ್ತಿದ್ದ. ತಂತಿಗುಂಟ ಇಳಿದ ಹನಿ ಜೋಲಿನ ತುದಿಯಲ್ಲೇ ಉದುರಿಹೋಗುತ್ತಿತ್ತು. ಮೇಲೂ ಪಕ್ಕಕ್ಕೂ ಸಿಲಿಕೋನ್ ಅಂಟು ಮೆತ್ತಿದರೂ ಕೆಳಗೆ, ಒಳಗೆ ಕಟ್ಟುವ ಬೆವರು ಇಳಿಯಲು, ಸಣ್ಣ ಸಂದು ಬಿಡುತ್ತಿದ್ದ. ಮಾತ್ರೆ ಡಬ್ಬಿ, ಚಪ್ಪಲಿ ಪೆಟ್ಟಿಗೆಗಳಲ್ಲಿ ಬರುವ, ತೇವ ಹೀರುವ ಹರಳಿನ ಪೊಟ್ಟಣಗಳನ್ನು ಊರೆಲ್ಲ ಅವನಿಗಾಗಿ ಕೂಡಿಡುತ್ತಿತ್ತು. ಅವನ್ನು ಒಲೆಯ ಬಳಿ ಒಣಗಿಸಿ, ಒಂದೊಂದು ಕ್ಯಾಮೆರಾದೊಳಗೆ ಒಂದೊಂದು ಇಡುತ್ತಿದ್ದ.

ಲೈನಿನವರ ಕ್ಯಾಮೆರಾ ಯಾವ ಸಾಹುಕಾರರೂ ಹಾಕಿಸಿದ್ದಲ್ಲ. ಲೈನಿನ ಮೊದಲ ಮನೆಯ ಸುಬ್ಬಿ ಬೆಳಗ್ಗೆ ಕೆಲಸಕ್ಕೆ ಹೋಗುವಾಗ ಆ ತಿರುವಿನಲ್ಲಿ ಆನೆಗೆ ಎದುರಾಗಿ, ಚರಂಡಿಗೆ ಬಿದ್ದು ಕಾಲು ಮುರಿದುಕೊಂಡಿದ್ದಳು. ಅದನ್ನು ಕೇಳಿದ ಸಣ್ಣಸ್ವಾಮಿ ಈ ಮಾರ್ಚಿನಲ್ಲಿ ಒಂದು ದಿನ ಹಳೆಯ ಕ್ಯಾಮೆರಾ ಸರಿಮಾಡಿ ತಂದು, ಒಬ್ಬನೇ ಕಂಬಕ್ಕೆ ಕಟ್ಟಿ, ಸುಬ್ಬಿಯ ಮನೆಯ ಟೀವಿಗೆ ಜೋಡಿಸಿದ. ಸೌಮ್ಯ ಅಂದು ಗಾಳಿಬೀಡಿನ ಕೆಲಸದಲ್ಲಿದ್ದಳು. ಆಮೇಲೆ ಸುಬ್ಬಿ ನೋಡಿ ಹೇಳದೆ ಲೈನಿನಿಂದ ಒಂದು ಮಗುವೂ ಶಾಲೆಗೆ ಹೊರಡುತ್ತಿರಲಿಲ್ಲ.

*

ಜವರ ಏಣಿ ಹಿಡಿದ. ಮಳೆ ಹನಿಗೆ ಇಳಿದಿತ್ತು. ತಿರುವಿನಾಚೆ ಮಂಜು ಬಿಟ್ಟರೆ ಬೇರೇನೂ ಕಾಣಿಸಲಿಲ್ಲ.

“ವಾಸನೆ ಅದೆ, ಅಕ್ಕ,” ಎಂದ ಮೆಲ್ಲಗೆ. “ಮಾತಾಡ್ಬೇಡಿ. ಕೆಲ್ಸ ಮುಗ್ಸಿ.”

ಸೌಮ್ಯ ಕಂಬದ ಪೆಟ್ಟಿಗೆಯಲ್ಲಿ ಕರೆಂಟು ಆರಿಸಿ ಹತ್ತಿದಳು. ಈ ಕೆಲಸ ಅವಳಿಗೆ ಅನ್ನ ಕಲಸಿದಷ್ಟೇ ಅಭ್ಯಾಸ. ಕ್ಯಾಮೆರಾಕ್ಕೆ ಮಳೆ ತಾಗದಂತೆ ಕೊಡೆಯನ್ನು ಕಂಬಕ್ಕೆ ಬಿಗಿದು ನೋಡಿದಳು. ಗಾಜಿನ ಒಳಗೆ ಬೆವರು ಕಟ್ಟಿತ್ತು. ಮುಚ್ಚಳದ ಸ್ಕ್ರೂ ಬಿಚ್ಚಿದಾಗ ಅರ್ಧ ಚಮಚದಷ್ಟು ನೀರು ಅವಳ ಮಣಿಕಟ್ಟಿನ ಮೇಲೆ ಸುರಿಯಿತು.

ಆಮೇಲೆ ಕಂಡದ್ದನ್ನು ಅವಳು ಎರಡು ಸಲ ನೋಡಿದಳು. ನೀರು ಬರದಂತೆ ಮುಚ್ಚಳಕ್ಕೆ ಕೂರಿಸುವ ರಬ್ಬರ್ ಬಳೆ ಒಂದು ಕಡೆ ಮಡಚಿಕೊಂಡು, ಸ್ಕ್ರೂ ಕೆಳಗೆ ಸಿಕ್ಕಿ ಹರಿದಿತ್ತು. ತಂತಿಗೆ ಜೋಲೇ ಇರಲಿಲ್ಲ, ಮೇಲಿನಿಂದ ನೇರ ಒಳಗೆ ಹೋಗಿತ್ತು. ಹರಳಿನ ಪೊಟ್ಟಣ ಮಾತ್ರ ಇತ್ತು, ಒದ್ದೆ ಮುದ್ದೆಯಾಗಿ.

ಬೇರೆ ಯಾರ ಕೆಲಸವೂ ಅಲ್ಲ. ತಂತಿಗೆ ಹಾಕಿದ್ದ ಗಂಟು ಅಪ್ಪನದೇ.

ಸಕ್ಕರೆ ಕಾಯಿಲೆಯಿಂದ ಬೆರಳ ತುದಿ ಮರಗಟ್ಟುತ್ತೆ ಅಂತ ಅಪ್ಪ ಒಂದೇ ಒಂದು ಸಲ ಅಮ್ಮನ ಹತ್ತಿರ ಅಂದಿದ್ದ. ಈಚೆಗೆ ಸಣ್ಣ ಸ್ಕ್ರೂಗಳನ್ನೆಲ್ಲ ‘ನೀನೇ ಹಾಕು’ ಎಂದು ಅವಳ ಕಡೆ ತಳ್ಳುತ್ತಿದ್ದ. ಮಗಳಿಗೆ ಕಲಿಸಲಿಕ್ಕೆ ಅಂತ ಅವಳು ಅಂದುಕೊಂಡಿದ್ದಳು. ಈ ಕಂಬದ ಮೇಲೆ, ಒಬ್ಬನೇ, ಬೆರಳಿಗೆ ತಿಳಿಯದ ಬಳೆಯನ್ನು ಅವನು ಎಷ್ಟು ಹೊತ್ತು ತಡವಿದ್ದಿರಬೇಕು! ತಂತಿಗೆ ಜೋಲು ಬಿಡುವುದಕ್ಕೂ ಕೈ ಸೋತಿರಬೇಕು.

ಅಪ್ಪ ಸತ್ತಾಗಿನಿಂದ ಅಳದವಳು ಅಲ್ಲಿ, ಏಣಿಯ ಮೇಲೆ, ಸದ್ದಿಲ್ಲದೆ ಅತ್ತಳು. ಅಳುತ್ತಲೇ ಗಾಜು ಒರೆಸಿದಳು, ಕಿಲುಬು ಹಿಡಿದು ಹಸಿರುಗಟ್ಟಿದ ತಂತಿಯ ಜಾಯಿಂಟನ್ನು ಸ್ಪಿರಿಟ್ಟಿನಲ್ಲಿ ತೊಳೆದು ಒಣಗಿಸಿದಳು. ಹೊಸ ಬಳೆ ಕೂರಿಸಿ ಸುತ್ತಲೂ ಬೆರಳಾಡಿಸಿದಳು. ಹೊಸ ಪೊಟ್ಟಣ ಇಟ್ಟು, ತಂತಿಗೆ ಒಂದು ಗೇಣು ಜೋಲು ಬಿಟ್ಟಳು. ಇಳಿದು ಕರೆಂಟು ಕೊಟ್ಟು ಸುಬ್ಬಿಗೆ ಫೋನ್ ಮಾಡಿದಳು.

“ಬಂತಾ?” ಎಂದಳು ಪಿಸುದನಿಯಲ್ಲಿ.

“ಬರ್ತಾ ಅದೆ... ಬಂತು ಅಕ್ಕ, ದಾರಿ ಕಾಣ್ತಾ ಅದೆ.” ಸುಬ್ಬಿಯ ದನಿ ತಟ್ಟನೆ ಕುಗ್ಗಿತು. “ಅಕ್ಕಾ, ಏಣಿ ಅಲ್ಲೇ ಬಿಡಿ, ಬಂದ್ಬಿಡಿ. ಬಿದಿರು ಹತ್ರಾನೇ ನಿಂತದೆ. ಎರಡು ದೊಡ್ಡದು, ಒಂದು ಮರಿ.”

ಜವರ ಅವಳ ತೋಳು ಹಿಡಿದ. ಇಬ್ಬರೂ ಓಡದೆ, ಹಿಂದೆ ತಿರುಗದೆ, ದಾರಿಯ ಅಂಚಿನಲ್ಲೇ ನಡೆದು ಬಂದರು.

*

ಸೌಮ್ಯಳಿಗೆ ಇಪ್ಪತ್ತು ವರ್ಷ ಆಗಿದ್ದಾಗ ಪಾಲಿಬೆಟ್ಟದ ಬಂಗಲೆಯೊಂದರಲ್ಲಿ ಮೂರು ಕ್ಯಾಮೆರಾ ಒಟ್ಟಿಗೆ ನಿಂತುಹೋಗಿದ್ದವು. ಮಾಲೇ ಸರಿಯಿಲ್ಲ ಎಂದು ತೋಟದ ಯಜಮಾನರು ಬೈಯುತ್ತಿದ್ದರು. ಅಪ್ಪ ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು.

“ಮಾಲಿಂದಲ್ಲ ಸಾರ್. ತಪ್ಪು ನಂದು. ಕೆಳಗಿನ ಸಂದೂ ಮುಚ್ಚಿಬಿಟ್ಟಿದೀನಿ,” ಎಂದುಬಿಟ್ಟಿದ್ದ.

ದಾರಿಯಲ್ಲಿ ಅವಳು ರೇಗಿದ್ದಳು. “ಯಾಕಪ್ಪ ಹೇಳ್ದೆ? ಯಾರಿಗೂ ಗೊತ್ತಾಗ್ತಿರ್ಲಿಲ್ಲ.”

“ಹೇಳ್ದಿದ್ರೆ ನಂಗೇ ಮರ್ತೋಗುತ್ತೆ. ಇನ್ನೊಂದ್ ಮನೇಲೂ ಹಂಗೇ ಕಟ್ತೀನಿ.”

*

ಮಣ್ಣಿಗೆ ಬಂದವರಲ್ಲಿ ಅರ್ಧ ಜನ ಸುಬ್ಬಿಯ ಮನೆಯ ಟೀವಿ ಮುಂದೆ ಸೇರಿದ್ದರು. ತೆರೆಯ ಮೇಲೆ ಆನೆಗಳು ಸಾವಕಾಶವಾಗಿ ಬಿದಿರು ಎಳೆಯುತ್ತಿದ್ದವು. ಶಿವಪ್ರಕಾಶ್ ಬಾಯಿ ತೆರೆದು ನೋಡುತ್ತಿದ್ದರು.

“ಅಲ್ಲ, ಸಣ್ಣಸ್ವಾಮಣ್ಣನ ಕ್ಯಾಮೆರಾಕ್ಕೆ ನೀರು ಹೋಗಿದ್ದು ಹೆಂಗೆ?” ಎಂದು ಯಾರೋ ಕೇಳಿದರು. “ಇಲಿ ಕಡಿದಿರ್ಬೇಕು. ಇಲ್ಲಾ ಮಂಗ ಎಳೆದಿರ್ಬೇಕು.”

“ಮಂಗಾನೇ ಇರ್ಬೇಕು,” ಎಂದರು ಶಿವಪ್ರಕಾಶ್, ಅಣ್ಣನ ಪರವಾಗಿ.

ಸೌಮ್ಯಳಿಗೆ ಹೌದು ಎನ್ನುವುದು ಸುಲಭವಿತ್ತು. ಎಲ್ಲರ ಮುಖ ನೋಡಿದಳು.

“ಮಂಗ ಅಲ್ಲ ಚಿಕ್ಕಪ್ಪ. ಅಪ್ಪನ ಕೈ ತಪ್ಪು. ಬೆರಳು ಮರಗಟ್ಟಿತ್ತು, ಬಳೆ ಮಡಚಿರೋದು ಗೊತ್ತಾಗಿಲ್ಲ. ಯಾರಿಗೂ ಹೇಳ್ಲಿಲ್ಲ. ಈ ಆರು ತಿಂಗಳಲ್ಲಿ ಅಪ್ಪ ಒಬ್ರೇ ಕಟ್ಟಿರೋ ಕ್ಯಾಮೆರಾನೆಲ್ಲ ನಾನು ಬಿಚ್ಚಿ ನೋಡ್ತೀನಿ. ನಿಮ್ಮನೇಲಿದ್ರೆ ಹೇಳಿ.”

ಸುಬ್ಬಿ ತನ್ನ ಸೊಟ್ಟ ಕಾಲನ್ನು ನೀಡಿಕೊಂಡು ಕೂತವಳು, “ಕೈ ಆಗ್ದೇ ಇದ್ರೂ ಬಂದು ಕಟ್ಟಿದ್ರಲ್ಲ ಅಕ್ಕ, ನಮಗೆ,” ಎಂದಳು.

ಹಿಂದಿನಿಂದ ಒಬ್ಬರು, “ನಮ್ಮನೇಲಿ ಎರಡವೆ,” ಎಂದರು. ಇನ್ನೊಬ್ಬರು, “ಅಂಗಡೀಲಿ ಒಂದು,” ಎಂದರು.

ಒಂದೂವರೆ ಹೊತ್ತಿಗೆ ಆನೆಗಳು ದಾರಿ ದಾಟಿದವು. ಮೊದಲು ಒಂದು, ನಡುವೆ ಮರಿ, ಕೊನೆಗೆ ಇನ್ನೊಂದು. ಸುಬ್ಬಿ ಮತ್ತೂ ಅರ್ಧ ಗಂಟೆ ತೆರೆಯಿಂದ ಕಣ್ಣು ತೆಗೆಯದೆ ನೋಡಿ, “ಈಗ ಹೊರಡಿ,” ಎಂದಳು.

ಚಟ್ಟ ಎದ್ದಿತು. ವನಜಮ್ಮ ಸೌಮ್ಯಳ ಕೈ ಹಿಡಿದು ಹಿಂದೆ ನಡೆದರು. ಮಳೆ ನಿಂತಿತ್ತು. ತಿರುವು ದಾಟುತ್ತಲೇ ಮುಂದಿದ್ದ ಜವರ ಕೈ ಎತ್ತಿ ಎಲ್ಲರನ್ನೂ ನಿಧಾನ ಮಾಡಿದ. ಕೆಸರಿನಲ್ಲಿ ಬುಟ್ಟಿಯಗಲದ ಹೆಜ್ಜೆಗಳು, ಪ್ರತಿಯೊಂದರಲ್ಲೂ ನೀರು. ಒಂದು ದೊಡ್ಡ ಹೆಜ್ಜೆಯ ಒಳಗೇ ಮರಿಯ ಹೆಜ್ಜೆ, ತಟ್ಟೆಯಷ್ಟು. ಹೆಗಲು ಕೊಟ್ಟವರು ಒಬ್ಬರ ಹಿಂದೊಬ್ಬರು ಕಾಲು ಎತ್ತಿ, ಅದನ್ನು ತುಳಿಯದೆ ದಾಟಿದರು.